ವಶೀಲಿ ಬ್ಯಾಡ, ಸುದ್ದಿ ಬೇಕು

(ಶಿರವಾಳದಲ್ಲಿ ಸುತ್ತಲ ಊರುಗಳ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)



ಡಿಗ್ರಿ ಮುಗಿಸಿದ ನಮ್ಮ ಯಾವ ಹುಡುಗನನ್ನಾದರೂ ನಿಲ್ಲಿಸಿ "ಮುಂದೇನು ಮಾಡ್ತಿ ತಮ್ಮಾ?" ಅಂತ ಕೇಳಿ ನೋಡಿ. "ಏನ್ ಮಾಡೋದ್ರಿ ಅಣ್ಣಾ, ವಶೀಲಿ ಇದ್ದೋರಿಗೆ ನೌಕರಿ. ನಮಗ ಯಾರು ಅದಾರ?" ಅಂತಾನೆ. ಶಹಾಪುರದ ಬಸ್ ಸ್ಟ್ಯಾಂಡಿನಲ್ಲೂ ಇದೇ ಮಾತು, ಸುರಪುರದ ಚಹಾದಂಗಡಿಯಲ್ಲೂ ಇದೇ ಮಾತು. ಅದೇ ಹುಡುಗನ ಕಾಲೇಜಿಗೆ ಪಟ್ಟಣದಿಂದ ತರಬೇತಿಯವರು ಬಂದು ಭಾಷಣ ಮಾಡಿ ಹೋಗಿರುತ್ತಾರೆ. "ಸಾಫ್ಟ್ ಸ್ಕಿಲ್ ಬೆಳೆಸಿಕೊಳ್ಳಿ, ನೆಟ್‌ವರ್ಕಿಂಗ್ ಮಾಡಿ, ನಗುಮುಖ ಇಟ್ಟುಕೊಳ್ಳಿ, ಕೆಲಸ ತಾನಾಗಿ ಬರುತ್ತದೆ" ಎಂದು.

ಹುಡುಗನದು ಹತಾಶೆ. ತರಬೇತಿಯವರದು ಪುಸಲಾವಣೆ. ಎರಡನ್ನೂ ನಾವು ಒಪ್ಪುವುದಿಲ್ಲ. ಯಾಕೆ ಒಪ್ಪುವುದಿಲ್ಲ, ಹಾಗಾದರೆ ಏನು ಮಾಡಬೇಕು ಅನ್ನೋದೇ ಇವತ್ತಿನ ಮಾತು.

ಮೊದಲು ಪುಸಲಾವಣೆಯನ್ನು ನೋಡೋಣ. ನಗುಮುಖ ಇದ್ದರೆ ಕೆಲಸ ಸಿಗುತ್ತದೆ ಅಂತಾರೆ. ಮುಖ ನೋಡುವುದಕ್ಕೂ ಮುಂಚೆ ಹೆಸರು ನೋಡುವವರು ಇದ್ದಾರಲ್ಲ, ಅವರ ಮುಂದೆ ಯಾವ ನಗು ನಡೀತದ? ಸುಖದೇವ ಥೋರಟ್ ಮತ್ತು ಪಾಲ್ ಅಟ್ವೆಲ್ ಎಂಬ ಇಬ್ಬರು ವಿದ್ವಾಂಸರು ಇದನ್ನು ಪರೀಕ್ಷೆ ಮಾಡಿಯೇ ನೋಡಿದರು. ಪತ್ರಿಕೆಗಳಲ್ಲಿ ಬಂದ ಖಾಸಗಿ ಕಂಪನಿಗಳ 548 ಜಾಹೀರಾತುಗಳಿಗೆ 4,808 ಅರ್ಜಿ ಕಳಿಸಿದರು. ಓದು, ಅನುಭವ ಎಲ್ಲ ಸರಿಸಮ. ಬೇರೆ ಇದ್ದದ್ದು ಹೆಸರು. ಕೆಲವಕ್ಕೆ ಮೇಲ್ಜಾತಿಯ ಅಡ್ಡಹೆಸರು, ಕೆಲವಕ್ಕೆ ದಲಿತರ ಅಡ್ಡಹೆಸರು, ಕೆಲವಕ್ಕೆ ಮುಸ್ಲಿಮರ ಹೆಸರು. 2007ರಲ್ಲಿ ಅವರು ಪ್ರಕಟಿಸಿದ ಲೆಕ್ಕ ಹೀಗಿದೆ: ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಸಂದರ್ಶನದ ಕರೆ ಬರುವ ಸಾಧ್ಯತೆ ಸುಮಾರು ಮೂರರಲ್ಲಿ ಎರಡು ಪಾಲು. ಮುಸ್ಲಿಂ ಹೆಸರಿಗೆ ಮೂರರಲ್ಲಿ ಒಂದು ಪಾಲು. ಇಲ್ಲಿ ಯಾರ ನಗುವನ್ನೂ ಯಾರೂ ನೋಡಿರಲಿಲ್ಲ. ಕಾಗದದ ಮೇಲಿನ ಹೆಸರೇ ಸಾಕಾಯಿತು.

ಇನ್ನು ಮೇಲಿನ ಕುರ್ಚಿಗಳ ಕಡೆ ಕತ್ತೆತ್ತಿ ನೋಡಿ. ದೇಶದ 1,000 ಕಂಪನಿಗಳ ಆಡಳಿತ ಮಂಡಳಿಗಳನ್ನು ಲೆಕ್ಕ ಹಾಕಿದ ಅಧ್ಯಯನವೊಂದು 2012ರಲ್ಲಿ ಬಂತು. ನಿರ್ದೇಶಕರಲ್ಲಿ ನೂರಕ್ಕೆ 93 ಮಂದಿ ಮೇಲ್ಜಾತಿಯವರು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಎರಡೂ ಸೇರಿ ನೂರಕ್ಕೆ 3.5. ಆ ಮನೆಗಳ ಮಕ್ಕಳು ನೆಟ್‌ವರ್ಕಿಂಗ್ ಕಲಿಯಲು ಎಲ್ಲಿಗೂ ಹೋಗಬೇಕಾಗಿಲ್ಲ. ಮದುವೆ ಮನೆಯ ಊಟದ ಸಾಲಿನಲ್ಲಿ ಪಕ್ಕಕ್ಕೆ ಕುಂತವನೇ ಮ್ಯಾನೇಜರ್, ಎದುರಿಗೆ ಕುಂತವನೇ ಸೋದರಮಾವ. ಹುಟ್ಟಿನಿಂದ ಬಂದ ಪರಿಚಯಕ್ಕೆ ಅವರು ಪ್ರತಿಭೆ ಅಂತ ಹೆಸರಿಟ್ಟುಕೊಂಡಿದ್ದಾರೆ. ನಾವು ಮೀಸಲಾತಿ ಕೇಳಿದರೆ ಮಾತ್ರ ಅದು ಅನ್ಯಾಯ!

ಹಂಗಂದ್ರ ನಮ್ಮ ಹುಡುಗ ಹೇಳಿದ್ದೇ ಖರೆ, ಕೈಚೆಲ್ಲಿ ಕುಂದರೋಣ ಅಂತೀರಾ? ಬಾಬಾಸಾಹೇಬರ ಬದುಕನ್ನು ಒಮ್ಮೆ ಈ ಕಣ್ಣಿನಿಂದ ನೋಡಿ.

1907ರಲ್ಲಿ ಅವರು ಮೆಟ್ರಿಕ್ ಪಾಸಾದರು. ಅವರನ್ನು ಅಭಿನಂದಿಸಲು ಸೇರಿದ ಸಭೆಯಲ್ಲಿ ಕೃಷ್ಣಾಜಿ ಅರ್ಜುನ ಕೆಳುಸ್ಕರ್ ಎಂಬ ಶಿಕ್ಷಕರು ತಾವೇ ಬರೆದ ಬುದ್ಧಚರಿತ್ರೆ ಕೊಟ್ಟರು. ಕೆಳುಸ್ಕರ್ ಬಂಧುವಲ್ಲ, ಜಾತಿಯವರಲ್ಲ. ಓದುವ ಹುಡುಗನನ್ನು ನೋಡಿ ಬೆಳೆದ ಪರಿಚಯ ಅದು. ಮುಂದೆ ಕಾಲೇಜಿಗೆ ಹಣವಿಲ್ಲದಾಗ ಅದೇ ಕೆಳುಸ್ಕರ್ ಈ ಹುಡುಗನನ್ನು ಬರೋಡೆಯ ಸಯಾಜಿರಾವ್ ಮಹಾರಾಜರಿಗೆ ಪರಿಚಯಿಸಿದರು. ತಿಂಗಳಿಗೆ 25 ರೂಪಾಯಿ ವಿದ್ಯಾರ್ಥಿವೇತನ ಸಿಕ್ಕಿತು. 1913ರಲ್ಲಿ ಬರೋಡೆಯ ನೆರವಿನಿಂದಲೇ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ನವಲ್ ಭತೇನಾ ಎಂಬ ಪಾರ್ಸಿ ಗೆಳೆಯ ಸಿಕ್ಕ. 1920ರಲ್ಲಿ ಅರ್ಧಕ್ಕೆ ನಿಂತ ಓದು ಮುಗಿಸಲು ಮತ್ತೆ ಲಂಡನ್ನಿಗೆ ಹೊರಟಾಗ ತಾವು ಕೂಡಿಟ್ಟ ಹಣ, ಕೊಲ್ಲಾಪುರದ ಶಾಹು ಮಹಾರಾಜರ ನೆರವು, ಜೊತೆಗೆ ಈ ಗೆಳೆಯ ಕೊಟ್ಟ 5,000 ರೂಪಾಯಿ ಸಾಲ ಕೈ ಹಿಡಿದವು.

ಇದರ ನಡುವೆಯೇ 1917 ಇದೆ. ಕೊಲಂಬಿಯಾದಲ್ಲಿ ಓದಿ ಬಂದವರು ಬರೋಡೆಯಲ್ಲಿ ಅಧಿಕಾರಿಯಾಗಿ ಸೇರಿದರೆ ಜವಾನರು ಫೈಲುಗಳನ್ನು ದೂರದಿಂದ ಮೇಜಿನ ಮೇಲೆ ಎಸೆದರು. ಊರಿನಲ್ಲಿ ಬಾಡಿಗೆಗೆ ಮನೆ ಇಲ್ಲ. ಉಳಿದುಕೊಂಡಿದ್ದ ಪಾರ್ಸಿ ವಸತಿಗೃಹಕ್ಕೆ ಬಡಿಗೆ ಹಿಡಿದು ಬಂದು ಹೊರಗೆ ಹಾಕಿದರು. 1918ರಲ್ಲಿ ಮುಂಬೈಯ ಸಿಡೆನ್‌ಹ್ಯಾಂ ಕಾಲೇಜಿನಲ್ಲಿ ಪ್ರೊಫೆಸರ್ ಆದರೆ, ಅಲ್ಲಿಯೂ ಅಧ್ಯಾಪಕರ ನೀರಿನ ಕೊಡ ಮುಟ್ಟಬಾರದೆಂದು ತಕರಾರು.

ಇದರಿಂದ ಎರಡು ಪಾಠ ತಗೋಬೇಕು. ಎಷ್ಟೇ ಓದಿದರೂ, ಎಷ್ಟೇ ಚೆನ್ನಾಗಿ ಮಾತಾಡಿದರೂ ಜಾತಿ ತಾನಾಗಿ ಕರಗುವುದಿಲ್ಲ. ಅದಕ್ಕೆ ಕಾನೂನು ಬೇಕು, ಮೀಸಲಾತಿ ಬೇಕು, ಹೋರಾಟ ಬೇಕು. ಇದು ಒಂದು. ಅಂಥ ಬಾಬಾಸಾಹೇಬರಿಗೂ ಹೆಜ್ಜೆ ಹೆಜ್ಜೆಗೆ ಯಾರೋ ಒಬ್ಬರು ಬಾಗಿಲು ತೋರಿಸಬೇಕಾಯಿತು. ಇದು ಎರಡು. ಬಾಗಿಲು ತೋರಿಸಿದವರ ಹಂಗಿಗೆ ಬಿದ್ದು ಅವರು ಬಾಯಿ ಮುಚ್ಚಿಕೊಳ್ಳಲಿಲ್ಲ ಅನ್ನೋದನ್ನೂ ನೆನಪಿಡಿ.

ಗೆಳೆಯರೇ, ವಶೀಲಿ ಅನ್ನೋ ಒಂದೇ ಚೀಲದಲ್ಲಿ ನಾವು ಎರಡು ಬೇರೆ ಬೇರೆ ಕಾಳು ತುಂಬಿಬಿಟ್ಟಿದ್ದೇವೆ. ಬಿಡಿಸಿ ನೋಡೋಣ.

ಒಂದು, ಹಂಗಿನ ವಶೀಲಿ. ಸಾಹುಕಾರನ ಕಟ್ಟೆ ಮುಂದೆ ಕೈಕಟ್ಟಿ ನಿಲ್ಲೋದು, ಶಿಫಾರಸು ಪತ್ರ ಬೇಡೋದು, ಹೊಲ ಒತ್ತಿ ಹಾಕಿ ದಲ್ಲಾಳಿಗೆ ದುಡ್ಡು ಕೊಡೋದು. ಇದರಿಂದ ನೌಕರಿ ಸಿಕ್ಕರೂ ನಾಲಿಗೆ ಹೋಗ್ತದ. ನಾಳೆ ಕೇರಿಯಲ್ಲಿ ಅನ್ಯಾಯವಾದರೆ ಆ ಹುಡುಗ ಸಾಹುಕಾರನ ಎದುರಿಗೆ ನಿಲ್ಲಲಾರ. ಬಹಳ ಸಲ ನೌಕರಿಯೂ ಸಿಗುವುದಿಲ್ಲ. 2021ರ ಅಕ್ಟೋಬರ್ 3ರಂದು 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ನಡೆದದ್ದು ನಿಮಗೆ ಗೊತ್ತಿದೆ. ಅಕ್ರಮದ ಜಾಲ ನಮ್ಮ ಕಲಬುರಗಿಯಲ್ಲೇ ಬಯಲಾಯಿತು. 2022ರ ಏಪ್ರಿಲ್‌ನಲ್ಲಿ ಸರ್ಕಾರ ಪರೀಕ್ಷೆಯನ್ನೇ ರದ್ದು ಮಾಡಿತು. ಮರುಪರೀಕ್ಷೆ ನಡೆಯುವ ಹೊತ್ತಿಗೆ 2024ರ ಜನವರಿ ಬಂದಿತ್ತು. ದುಡ್ಡು ಕೊಟ್ಟವರು ಜೈಲು ನೋಡಿದರು. ರಾತ್ರಿ ನಿದ್ದೆಗೆಟ್ಟು ಓದಿ ಪಾಸಾದ ಬಡವರ ಮಕ್ಕಳು ಯಾವ ತಪ್ಪೂ ಮಾಡದೆ ಎರಡು ವರ್ಷಕ್ಕೂ ಹೆಚ್ಚು ಕಾದರು. ಹಂಗಿನ ವಶೀಲಿ ಯಾರ ಅನ್ನ ಕಸಿಯುತ್ತದೆ ಅಂತ ಇದಕ್ಕಿಂತ ಬೇರೆ ಸಾಕ್ಷಿ ಬೇಕಾ?

ಎರಡನೆಯದು ವಶೀಲಿಯೇ ಅಲ್ಲ. ಅದು ಸುದ್ದಿ. ಎಲ್ಲಿ ಅರ್ಜಿ ಕರೆದಾರ, ಕೊನೆಯ ದಿನ ಯಾವುದು, ಯಾವ ಕಾಗದ ಬೇಕು, ಹೋದ ವರ್ಷ ಏನು ಕೇಳಿದರು, ಆ ಊರಿನಲ್ಲಿ ಮೊದಲ ತಿಂಗಳ ಸಂಬಳ ಬರೋತನಕ ಎಲ್ಲಿ ಇರಬೇಕು. ಇದನ್ನು ತಿಳಿಸಿದವನು ಯಾರ ಅನ್ನವನ್ನೂ ಕಸಿದಂತೆ ಆಗುವುದಿಲ್ಲ. ಕೇಳಿದವನು ಯಾರ ಕಾಲಿಗೂ ಬಿದ್ದಂತೆ ಆಗುವುದಿಲ್ಲ. ಅವರು ಊಟದ ಸಾಲಿನಲ್ಲಿ ಪುಕ್ಕಟೆ ಪಡೆಯೋದು ಮುಖ್ಯವಾಗಿ ಇದನ್ನೇ. ನಮಗೆ ಇಲ್ಲದ್ದೂ ಇದೇ.

"ನಮಗ ಯಾರು ಅದಾರ?" ಅಂತ ಕೇಳ್ತೀರಲ್ಲ, ನಮ್ಮ ಗುಳೇ ಹೋಗೋ ಮಂದಿಯನ್ನು ನೋಡಿ. ಯಾದಗಿರಿ ಜಿಲ್ಲೆಯಿಂದ ಬೆಂಗಳೂರಿಗೆ, ಮುಂಬೈಗೆ, ಪುಣೆಗೆ ಕಟ್ಟಡ ಕೆಲಸಕ್ಕೆ ಹೋಗದ ಕೇರಿ ಯಾವುದಿದೆ? ಅಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಆಳು ಬೇಕು ಅಂತ ಮೇಸ್ತ್ರಿ ಒಂದು ಫೋನು ಮಾಡಿದರೆ ಸಾಕು. ಕೂಲಿ ಎಷ್ಟು, ಶೆಡ್ಡು ಎಲ್ಲಿ, ನೀರು ಅದನೋ ಇಲ್ಲೋ, ಯಾವ ಬಸ್ಸಿಗೆ ಹೋಗಬೇಕು, ಎಲ್ಲ ಸುದ್ದಿ ರಾತ್ರಿಯೊಳಗೆ ಕೇರಿಗೆಲ್ಲ ಗೊತ್ತಾಗುತ್ತದೆ. ಮರುದಿನ ಕುಟುಂಬ ಕುಟುಂಬವೇ ಗಂಟು ಕಟ್ಟಿಕೊಂಡು ಬಸ್ಸು ಹತ್ತುತ್ತದೆ. ಇದು ನೆಟ್‌ವರ್ಕಿಂಗ್ ಅಲ್ಲದೆ ಮತ್ತೇನು? ಓದು ಬರಹ ಬಾರದ ನಮ್ಮ ಅವ್ವ ಅಪ್ಪ ಇದನ್ನು ಎಂದೋ ಕಟ್ಟಿದ್ದಾರೆ.

ಈ ಶಿರವಾಳದ ಹಳೆಯ ಗುಡಿಗಳನ್ನು ನೋಡಲು ದೂರದಿಂದ ಬಂದವರು ಕಟ್ಟಿಸಿದ ರಾಜ ಯಾರು ಅಂತ ಕೇಳುತ್ತಾರೆ. ಕಲ್ಲು ಹೊತ್ತವರು ಯಾರು ಅಂತ ಕೇಳುವುದಿಲ್ಲ. ಇವತ್ತು ಬೆಂಗಳೂರಿನ ಕಂಪನಿಗಳ ಕಟ್ಟಡ ಕಟ್ಟಿದವರಲ್ಲಿ ನಮ್ಮ ಮಂದಿಯೂ ಇದ್ದಾರೆ. ಕಟ್ಟೋತನಕ ಒಳಗೆ ಬಿಡ್ತಾರೆ. ಗಾಜು ಹಾಕಿ ಮುಗಿದ ಮರುದಿನ ಗೇಟಿನಲ್ಲಿ ವಾಚ್‌ಮನ್ ತಡೀತಾನ. ನಮ್ಮ ಜಾಲ ನಮ್ಮನ್ನು ಗೇಟಿನ ತನಕ ಒಯ್ಯುತ್ತದೆ, ಮೇಜಿನ ತನಕ ಒಯ್ಯುವುದಿಲ್ಲ. ಯಾಕೆ? ಆ ಸರಪಳಿಯಲ್ಲಿ ಮೇಜಿನ ಹಿಂದೆ ಕುಂತವರು ಇಲ್ಲ. ಇದ್ದ ಒಬ್ಬಿಬ್ಬರ ಜೊತೆ ನಮ್ಮ ಮಾತುಕತೆ ಇಲ್ಲ.

ಮೇಜಿನ ಹಿಂದೆ ಇರುವವರು ಜೀವದ ಗೆಳೆಯರೇ ಆಗಬೇಕಾಗಿಲ್ಲ. ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ ಬಾಸ್ಟನ್ ಹತ್ತಿರದ ನ್ಯೂಟನ್ ಎಂಬ ಊರಿನಲ್ಲಿ, ಹೊಸ ಕೆಲಸ ಹಿಡಿದವರನ್ನು "ನಿಮಗೆ ಈ ಕೆಲಸದ ಸುದ್ದಿ ಹೇಗೆ ಸಿಕ್ಕಿತು" ಅಂತ ಕೇಳಿ 1970ರ ದಶಕದಲ್ಲಿ ಬರೆದ. ಅರ್ಧಕ್ಕಿಂತ ಹೆಚ್ಚು ಮಂದಿಗೆ ಪರಿಚಯದವರಿಂದಲೇ ಸಿಕ್ಕಿತ್ತು. ಆ ಪರಿಚಯದವರು ಎಂಥವರು? ಪದೇ ಪದೇ ಭೇಟಿಯಾಗುವ ಆಪ್ತರು ನೂರಕ್ಕೆ ಸುಮಾರು 17 ಮಾತ್ರ. ಉಳಿದವರೆಲ್ಲ ಆಗೀಗ ಸಿಗುವವರು, ಅಪರೂಪಕ್ಕೆ ಕಾಣುವವರು. ಕಾರಣ ಸರಳ. ನಮ್ಮ ಜೊತೆ ಒಂದೇ ಕೋಣೆಯಲ್ಲಿ ಮಲಗುವ ಗೆಳೆಯನಿಗೆ ಗೊತ್ತಿರುವುದು ನಮಗೂ ಗೊತ್ತಿರುವುದೇ. ಹೊಸ ಸುದ್ದಿ ಬರೋದು ಬೇರೆ ಕಡೆ ಓಡಾಡುವವರಿಂದ. ನಾಲ್ಕು ವರ್ಷದ ಹಿಂದೆ ಇದೇ ಹಾಸ್ಟೆಲಿನಲ್ಲಿದ್ದು ಈಗ ರಾಯಚೂರಿನಲ್ಲೋ ಹೈದರಾಬಾದಿನಲ್ಲೋ ಇರುವ ಅಣ್ಣ, ಬ್ಯಾಂಕು ಸೇರಿದ ಅಕ್ಕ, ಹೈಸ್ಕೂಲಿನ ಮೇಷ್ಟ್ರು, ಲೈಬ್ರರಿಯವರು, ರಕ್ತದಾನ ಶಿಬಿರದಲ್ಲಿ ಮಾತಾಡಿಸಿದ ನರ್ಸಮ್ಮ, ಇವರೇ ನಮ್ಮ ಕೆಳುಸ್ಕರ್‌ಗಳು ಆಗಬಹುದು.

ಸುದ್ದಿಗೆ ಎಷ್ಟು ಬೆಲೆ ಅಂತ ಒಂದೇ ಉದಾಹರಣೆ ಹೇಳ್ತೀವಿ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371(ಜೆ) ವಿಧಿ 2013ರಿಂದ ಜಾರಿಯಲ್ಲಿದೆ. ನಮ್ಮ ಭಾಗದ ಸರ್ಕಾರಿ ಹುದ್ದೆಗಳಲ್ಲಿ ಗ್ರೂಪ್ ಎ, ಬಿಗೆ ನೂರಕ್ಕೆ 75, ಗ್ರೂಪ್ ಸಿಗೆ 80, ಗ್ರೂಪ್ ಡಿಗೆ 85 ಸ್ಥಳೀಯರಿಗೇ ಮೀಸಲು. ರಾಜ್ಯಮಟ್ಟದ ಕಚೇರಿಗಳಲ್ಲೂ ನೂರಕ್ಕೆ 8. ಆದರೆ ಇದರ ಪ್ರಮಾಣಪತ್ರವನ್ನು ಸಹಾಯಕ ಆಯುಕ್ತರ ಕಚೇರಿಯಿಂದ ಪಡೆದಿರಬೇಕು. ಅರ್ಜಿ ಕರೆದ ಮೇಲೆ ಓಡಾಡಿದರೆ ಕೊನೆಯ ದಿನ ದಾಟಿ ಹೋಗಿರುತ್ತದೆ. ಜಾತಿ ಪ್ರಮಾಣಪತ್ರ, ಶಾಲೆಯ ವ್ಯಾಸಂಗ ಪ್ರಮಾಣಪತ್ರ, 371(ಜೆ) ಪತ್ರ ಮೂರನ್ನೂ ಡಿಗ್ರಿ ಎರಡನೇ ವರ್ಷದಲ್ಲೇ ಮಾಡಿಸಿ, ಅಕ್ಷರ ತಪ್ಪಿಲ್ಲದೆ ಎಲ್ಲದರಲ್ಲೂ ಹೆಸರು ಒಂದೇ ಥರ ಇದೆಯಾ ನೋಡಿ ಇಟ್ಟುಕೊಳ್ಳಿ. ಇನ್ನೊಂದು ಸುದ್ದಿ. 2016ರ ಜನವರಿ 1ರಿಂದ ಕೇಂದ್ರ ಸರ್ಕಾರದ ಗ್ರೂಪ್ ಸಿ, ಡಿ ಹಾಗೂ ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೆ ಸಂದರ್ಶನವನ್ನೇ ತೆಗೆದುಹಾಕಿದ್ದಾರೆ. ರೈಲ್ವೆಯಲ್ಲಿ ಗ್ಯಾಂಗ್‌ಮನ್ ಕೆಲಸಕ್ಕೆ "ಇಂಟರ್‌ವ್ಯೂದಾಗ ನಾ ನೋಡ್ಕೋತೀನಿ, ದುಡ್ಡು ತಾ" ಅನ್ನುವವನು ಮೋಸಗಾರ. ಈ ಒಂದು ಸಾಲು ಗೊತ್ತಿದ್ದರೆ ಒಂದು ಮನೆಯ ಹೊಲ ಉಳೀತದ.

ಈಗ ಮಾಡಬೇಕಾದ್ದು. ಪ್ರತಿ ಹಾಸ್ಟೆಲಿನಲ್ಲೂ ಒಂದು ದಪ್ಪ ವಹಿ ಇಡೋಣ. ಓದು ಮುಗಿಸಿ ಹೋಗುವ ಪ್ರತಿಯೊಬ್ಬರೂ ಅದರಲ್ಲಿ ಒಂದು ಪುಟ ಬರೆಯಬೇಕು: ಎಲ್ಲಿಗೆ ಹೋದೆ, ಸುದ್ದಿ ಎಲ್ಲಿಂದ ಬಂತು, ಯಾವ ಕಾಗದ ಕೇಳಿದರು, ಏನು ಪ್ರಶ್ನೆ ಕೇಳಿದರು, ಯಾವ ಪುಸ್ತಕ ಓದಿದೆ, ಸಂಬಳ ಎಷ್ಟು. ಕೆಲಸ ಸಿಗದವರೂ ಬರೆಯಬೇಕು. ಎಲ್ಲಿ ಬಾಗಿಲು ಮುಚ್ಚಿತು ಅನ್ನೋದೂ ಸುದ್ದಿಯೇ. ವಾಟ್ಸಾಪ್ ಗುಂಪು ಅದಲ್ಲ ಅಂತೀರಿ. ಅದ, ನಿಜ. ಆದರೆ ಬೆಳಗಾದರೆ ನೂರು ಹೂವಿನ ಚಿತ್ರ, ಶುಭೋದಯ, ನಾಯಕರ ಹುಟ್ಟುಹಬ್ಬ. ಅದರೊಳಗೆ ಅರ್ಜಿ ಕರೆದ ಪತ್ರ ಮುಳುಗಿ ಹೋಗ್ತದ. ಗುಂಪು ಇರಲಿ, ಆದರೆ ಕೆಲಸದ ಸುದ್ದಿಗೆ ಬೇರೆ ಗುಂಪು ಇರಲಿ. ಅದರಲ್ಲಿ ಬಂದದ್ದು ವಹಿಗೂ ಏರಲಿ.

ಪರಿಚಯವಿಲ್ಲದ ಅಣ್ಣನಿಗೋ ಅಕ್ಕನಿಗೋ ಕೇಳುವಾಗ "ನನಗೊಂದು ನೌಕರಿ ಕೊಡಿಸ್ರಿ" ಅನ್ನಬೇಡಿ. ಕೊಡಿಸೋ ಶಕ್ತಿ ಅವರಿಗೂ ಇರುವುದಿಲ್ಲ. ಆ ಮಾತು ಕೇಳಿದ ಕೂಡಲೇ ಫೋನು ಎತ್ತೋದು ಬಿಡ್ತಾರೆ. ಹೀಗೆ ಕೇಳಿ: "ಅಣ್ಣಾ, ನಾನು ಇಂಥ ಹಾಸ್ಟೆಲಿನವ, ಬಿಕಾಂ ಮುಗಿಸೀನಿ. ನಿಮ್ಮ ಪರೀಕ್ಷೆಗೆ ಹೆಂಗ ತಯಾರಿ ಮಾಡಿದ್ರಿ? ಹತ್ತು ನಿಮಿಷ ಮಾತಾಡಬಹುದಾ?" ಇದಕ್ಕೆ ಇಲ್ಲ ಅನ್ನುವವರು ಕಡಿಮೆ. ಮಾತಾಡಿದ ಮೇಲೆ ಅವರು ಹೇಳಿದ್ದನ್ನು ಮಾಡಿ, ಫಲಿತಾಂಶ ಏನಾಯ್ತು ಅಂತ ತಿಳಿಸಿ. ಪಾಸಾದರೂ ತಿಳಿಸಿ, ಫೇಲಾದರೂ ತಿಳಿಸಿ. ಕೆಲಸ ಬಿದ್ದಾಗ ಮಾತ್ರ ನೆನೆಸಿಕೊಳ್ಳುವವನನ್ನು ಯಾರೂ ಎರಡನೇ ಸಲ ಹಚ್ಚಿಕೊಳ್ಳುವುದಿಲ್ಲ.

ಇನ್ನು ಸಾಫ್ಟ್ ಸ್ಕಿಲ್. ಅದು ನಮ್ಮಲ್ಲಿ ಇಲ್ಲ ಅನ್ನೋದು ದೊಡ್ಡ ಸುಳ್ಳು. ಹಾಸ್ಟೆಲಿನ ಅನ್ನದಲ್ಲಿ ಹುಳ ಬಂದಾಗ ಮೂವತ್ತು ಹುಡುಗರನ್ನು ಕೂಡಿಸಿ, ಒಬ್ಬರೂ ಕೈ ಎತ್ತದಂತೆ ನೋಡಿಕೊಂಡು, ಮನವಿ ಬರೆದು, ತಹಶೀಲ್ದಾರರ ಮುಂದೆ ನಡುಗದೆ ನಿಂತು ಮಾತಾಡಿದವನಿಗೆ ಏನಂತೀರಿ? ಹತ್ತಿ ಬಿಡಿಸುವ ಕೂಲಿ ಹೆಚ್ಚು ಮಾಡಿರಿ ಅಂತ ಹೊಲದ ಮಾಲೀಕನ ಜೊತೆ ವಾದ ಮಾಡಿ, ಹತ್ತು ಹೆಣ್ಣುಮಕ್ಕಳನ್ನು ಒಂದೇ ಮಾತಿಗೆ ನಿಲ್ಲಿಸಿದ ಅವ್ವನಿಗೆ ಏನಂತೀರಿ? ಕಂಪನಿಯವರು ಇದನ್ನೇ ನಾಯಕತ್ವ, ಸಂವಹನ, ತಂಡದ ಕೆಲಸ ಅಂತ ದೊಡ್ಡ ದೊಡ್ಡ ಹೆಸರಿಟ್ಟು ಹುಡುಕುತ್ತಾರೆ. ನಮಗೆ ಕೊರತೆ ಇರೋದು ಅದನ್ನು ಹೇಳಿಕೊಳ್ಳೋದರಲ್ಲಿ. ತಲೆತಗ್ಗಿಸಿ ಕುಂದರೋದನ್ನು ಈ ಸಮಾಜ ನಮಗೆ ಸಾವಿರಾರು ವರ್ಷ ಕಲಿಸಿದೆ. ಅದನ್ನು ಮರೆಯಲು ಅಭ್ಯಾಸ ಬೇಕು. ಪ್ರತಿ ಭಾನುವಾರ ಸಂಜೆ ಹಾಸ್ಟೆಲಿನಲ್ಲಿ ಸುಳ್ಳು ಸಂದರ್ಶನ ಮಾಡಿ. ಮೂವರು ಸಾಹೇಬರಾಗಿ ಕುಂದರಲಿ, ಒಬ್ಬ ಬಾಗಿಲು ತಟ್ಟಿ ಒಳಗೆ ಬರಲಿ. ನಗಬೇಡಿ, ತಿದ್ದಿ.

ಭಾಷೆಯ ಅಂಜಿಕೆಯೂ ಅದ. ಬೆಂಗಳೂರಿನಲ್ಲಿ ನಮ್ಮ "ಹಂಗ, ಹಿಂಗ" ಕೇಳಿ ನಗುವವರಿದ್ದಾರೆ. ನಗಲಿ. ನಮ್ಮ ಮಾತು ನಮ್ಮದು. ಅದರ ಜೊತೆಗೆ ಬರವಣಿಗೆಯ ಕನ್ನಡವನ್ನೂ ಇಂಗ್ಲಿಷನ್ನೂ ಕಲಿಯೋಣ. ಇಂಗ್ಲಿಷು ದೊಡ್ಡಸ್ತಿಕೆಯಲ್ಲ, ಸಲಿಕೆ ಗುದ್ದಲಿ ಇದ್ದಂತೆ ಕೆಲಸದ ಸಾಮಾನು. ನಿಮ್ಮ ಬಗ್ಗೆ, ನಿಮ್ಮ ಓದಿನ ಬಗ್ಗೆ, ಮಾಡಬಲ್ಲ ಕೆಲಸದ ಬಗ್ಗೆ ಇಪ್ಪತ್ತು ವಾಕ್ಯಗಳನ್ನು ನೀವೇ ಬರೆದು ಬಾಯಿಗೆ ತಂದುಕೊಳ್ಳಿ. ಅಲ್ಲಿಂದ ಶುರುವಾಗುತ್ತದೆ.

ಒಂದು ಪ್ರಶ್ನೆಗೆ ಮಾತ್ರ ಮೊದಲೇ ಸಿದ್ಧವಾಗಿರಿ. "ನಿಮ್ಮ ಮನೆತನದ ಹಿನ್ನೆಲೆ ಏನು?" ಸುರಿಂದರ್ ಜೋಧ್ಕಾ ಮತ್ತು ಕ್ಯಾಥರಿನ್ ನ್ಯೂಮನ್ ದೆಹಲಿ ಕಡೆಯ ಕಂಪನಿಗಳ ನೇಮಕಾತಿ ಅಧಿಕಾರಿಗಳನ್ನು ಮಾತಾಡಿಸಿ 2007ರಲ್ಲಿ ಬರೆದರು. ಜಾತಿ ನೋಡುವುದಿಲ್ಲ, ಯೋಗ್ಯತೆ ನೋಡುತ್ತೇವೆ ಎನ್ನುವ ಆ ಅಧಿಕಾರಿಗಳೇ ಮನೆತನದ ಹಿನ್ನೆಲೆಯನ್ನು ತಪ್ಪದೆ ಕೇಳುತ್ತಿದ್ದರು. ಅಪ್ಪ ಏನು ಮಾಡ್ತಾನೆ, ಎಲ್ಲಿ ಬೆಳೆದೆ ಅಂತ. ಮುಂಬಾಗಿಲಿನಿಂದ ಕಳಿಸಿದ ಜಾತಿಯನ್ನು ಹಿತ್ತಲಿನಿಂದ ಒಳಗೆ ಕರೆಯುವ ಪ್ರಶ್ನೆ ಇದು. ಇದಕ್ಕೆ ನಾಚಿಕೆಯೂ ಬೇಡ, ಸುಳ್ಳೂ ಬೇಡ, ಅಳುವೂ ಬೇಡ. "ನಮ್ಮ ತಂದೆ ತಾಯಿ ಕೂಲಿ ಕೆಲಸ ಮಾಡುತ್ತಾರೆ. ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನು. ಐದು ವರ್ಷ ಹಾಸ್ಟೆಲಿನಲ್ಲಿದ್ದು ಓದಿದೆ, ಅಲ್ಲಿ ಊಟದ ಸಮಿತಿಯ ಲೆಕ್ಕ ನೋಡಿಕೊಂಡೆ. ಈ ಕೆಲಸದಲ್ಲೂ ಲೆಕ್ಕ ಇಡೋದು ಮುಖ್ಯ ಅಂತ ಕೇಳಿದ್ದೇನೆ." ನಾಲ್ಕು ವಾಕ್ಯ. ಎರಡು ಮನೆಯ ಬಗ್ಗೆ, ಎರಡು ಕೆಲಸದ ಬಗ್ಗೆ. ಮಾತನ್ನು ಮನೆಯಿಂದ ಕೆಲಸಕ್ಕೆ ತಿರುಗಿಸೋದು ನಿಮ್ಮ ಕೈಯಲ್ಲಿರಬೇಕು.

ತಂಗಿಯರ ಬಗ್ಗೆ ಹೇಳದಿದ್ದರೆ ಈ ಮಾತು ಅರ್ಧ. ಹುಡುಗರಿಗೆ ಸುದ್ದಿ ಸಿಗೋದು ಚಹಾದಂಗಡಿಯಲ್ಲಿ, ಕಟ್ಟೆಯ ಮೇಲೆ, ರಾತ್ರಿ ಮೈದಾನದಲ್ಲಿ. ಹೆಣ್ಣುಮಕ್ಕಳ ಹಾಸ್ಟೆಲಿನ ಗೇಟು ಸಂಜೆಗೇ ಮುಚ್ಚುತ್ತದೆ. ಸುದ್ದಿ ಹೊರಗೇ ಉಳೀತದ. ಮೇಲ್ಜಾತಿಯವರು ನಮಗೆ ಮಾಡಿದ್ದನ್ನು ನಾವು ನಮ್ಮ ತಂಗಿಯರಿಗೆ ಮಾಡಬಾರದು. ವಹಿಯ ಒಂದು ಪ್ರತಿ ಪ್ರತಿ ವಾರ ಹೆಣ್ಣುಮಕ್ಕಳ ಹಾಸ್ಟೆಲಿಗೆ ಹೋಗಬೇಕು. ಅವರು ಬರೆದದ್ದು ನಮಗೆ ಬರಬೇಕು. ಊರು ಬಿಟ್ಟು ಪರೀಕ್ಷೆಗೆ ಹೋಗುವ ಹುಡುಗಿಗೆ ಆ ಊರಿನಲ್ಲಿ ರಾತ್ರಿ ಉಳಿಯಲು ನಮ್ಮ ಅಕ್ಕಂದಿರ ಯಾವ ಮನೆ ಇದೆ ಅನ್ನೋದೂ ವಹಿಯಲ್ಲಿರಬೇಕು. ಎಷ್ಟೋ ಮಂದಿಯ ಅರ್ಜಿ ನಿಲ್ಲೋದು ಈ ಒಂದು ರಾತ್ರಿಯ ಚಿಂತೆಯಲ್ಲಿ.

ಕೊನೆಗೆ, ನೌಕರಿ ಸಿಕ್ಕವರಿಗೆ ಒಂದು ಮಾತು. 1956ರ ಮಾರ್ಚ್ 18ರಂದು ಆಗ್ರಾದಲ್ಲಿ ಬಾಬಾಸಾಹೇಬರು ಓದಿದವರ ಬಗ್ಗೆಯೇ ನೊಂದು ಮಾತಾಡಿದರು. ಓದಿ ಮೇಲೆ ಬಂದವರು ಸಮಾಜವನ್ನು ಎತ್ತುತ್ತಾರೆಂದು ನಂಬಿದ್ದೆ, ಅವರು ತಮ್ಮ ಹೊಟ್ಟೆ ನೋಡಿಕೊಂಡರು ಎಂಬ ಸಂಕಟ ಅದು. ಇವತ್ತಿಗೂ ಅದು ನಮಗೆ ತಾಗುತ್ತದೆ. ಆಫೀಸು ಸೇರಿ, ಪಟ್ಟಣದಲ್ಲಿ ಮನೆ ಮಾಡಿ, ಊರಿನ ಹುಡುಗನ ಫೋನು ಬಂದರೆ ಎತ್ತದೆ ಇರುವವರು ನಮ್ಮಲ್ಲಿ ಇದ್ದಾರೆ. ಅವರಿಗೂ ಅಂಜಿಕೆ ಅದ, ಗೊತ್ತು. ಕಚೇರಿಯಲ್ಲಿ ಜಾತಿ ಗೊತ್ತಾದೀತು ಅಂತ. ಆದರೆ ತಮ್ಮಂದಿರು ಕೇಳೋದು ದುಡ್ಡಲ್ಲ, ಶಿಫಾರಸಲ್ಲ. ವಹಿಯ ಒಂದು ಪುಟ, ಹತ್ತು ನಿಮಿಷದ ಮಾತು. ಅಷ್ಟನ್ನೂ ಕೊಡದಿದ್ದರೆ ನಮ್ಮ ಹುಡುಗರು ಮತ್ತೆ ಸಾಹುಕಾರನ ಕಟ್ಟೆಗೇ ಹೋಗ್ತಾರೆ. ಹೋದವರನ್ನು ಬೈಯುವ ಹಕ್ಕು ಆಗ ನಮಗೆ ಇರುವುದಿಲ್ಲ.

ಮೀಸಲಾತಿಯ ಹೋರಾಟ, ಖಾಲಿ ಹುದ್ದೆ ತುಂಬಿರಿ ಎಂಬ ಹೋರಾಟ, ಖಾಸಗಿ ಕಂಪನಿಗಳಲ್ಲೂ ನಮ್ಮ ಪಾಲು ಕೊಡಿ ಎಂಬ ಹೋರಾಟ ಬೀದಿಯಲ್ಲಿ ನಡೆಯಲೇಬೇಕು. ಈ ವಹಿ ಅದಕ್ಕೆ ಬದಲಿ ಅಲ್ಲ. ಬೀದಿಯಲ್ಲಿ ಗೆದ್ದ ಹಕ್ಕು ಸುದ್ದಿಯಿಲ್ಲದೆ ವ್ಯರ್ಥವಾಗಬಾರದು ಅಂತ ಇದು.

ಇವತ್ತು ಸಭೆ ಮುಗಿದ ಮೇಲೆ ಹಾಗೇ ಚದುರಿ ಹೋಗಬೇಡಿ. ಪ್ರತಿ ಹಾಸ್ಟೆಲಿನಿಂದ ಇಬ್ಬರು, ಒಬ್ಬ ಹುಡುಗ, ಒಬ್ಬ ಹುಡುಗಿ, ಇಲ್ಲೇ ಉಳಿದು ಹೆಸರು ಕೊಡಿ. ವಹಿಗೆ ದುಡ್ಡು ನಾವೆಲ್ಲ ಕೂಡಿ ಹಾಕೋಣ. ಮುಂದಿನ ಸಭೆಗೆ ಬರುವಾಗ ವಹಿ ತರಬೇಕು. ಅದರಲ್ಲಿ ಕಡಿಮೆ ಅಂದರೂ ಹತ್ತು ಪುಟ ಬರೆದಿರಬೇಕು.

ಜೈಭೀಮ್.